ಗಾಡಿಗೆ ವಾಕಿಟಾಕಿ: ನಾನು ಮೊದಲು ನೋಡಿದ್ದು ಆಂಟೆನಾ

ನಾಲ್ಕೈದು ಗಾಡಿ ಒಟ್ಟಿಗೆ ಹೊರಟಾಗ ಮೊಬೈಲ್ ನೆಚ್ಚಿಕೊಳ್ಳುವ ಹಾಗಿಲ್ಲ. ಬೆಟ್ಟ, ಕಾಡು ಬಂದರೆ ಸಿಗ್ನಲ್ ಹೋಗುತ್ತದೆ. ಸಿಗ್ನಲ್ ಇದ್ದರೂ ರಿಂಗ್ ಆಗಿ ಅವರು ಎತ್ತುವಷ್ಟರಲ್ಲಿ ತಿರುವು ದಾಟಿರುತ್ತದೆ. ಬಟನ್ ಒತ್ತಿದರೆ ಎಲ್ಲರಿಗೂ ಒಟ್ಟಿಗೆ ಕೇಳಬೇಕು, ಅಲ್ವಾ? ಅದಕ್ಕೇ ವಾಕಿಟಾಕಿ. ನಮ್ಮ ಗುಂಪಿಗೆ ಸೆಟ್ ಆರಿಸುವ ಕೆಲಸ ನನ್ನ ಪಾಲಿಗೆ ಬಂತು.

ಬಾಕ್ಸ್ ಮೇಲೆ ಬರೆದ ಕಿಲೋಮೀಟರನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಡುವೆ ಏನೂ ಅಡ್ಡ ಇಲ್ಲದಾಗ ಸಿಗುವ ದೂರ ಅದು. ಗುಡ್ಡ ಅಡ್ಡ ಬಂದರೆ ಆ ಲೆಕ್ಕ ಮುಗಿಯಿತು. ವ್ಯಾಟ್ ಏರಿಸಿದರೂ ಸಿಗುವುದು ಸ್ವಲ್ಪವೇ. ಪವರ್ ಎರಡು ಪಟ್ಟು ಮಾಡಿದರೆ, ಸಿಗ್ನಲ್ ಬಲ ಅಳೆಯುವ ಡೆಸಿಬೆಲ್ ಲೆಕ್ಕದಲ್ಲಿ ಏರುವುದು ಬರೀ 3, ಅಂದರೆ ಅಲ್ಪ.

ನಿಜವಾದ ಲಾಭ ಇರುವುದು ಆಂಟೆನಾ ಗಾಡಿಯ ಹೊರಗೆ ಹೋದಾಗ. ಇದನ್ನು ಕೊಳ್ಳುವ ಮೊದಲೇ ಪರೀಕ್ಷೆ ಮಾಡಿದೆ. ಗೆಳೆಯನ ಕಾರನ್ನು ಮುಂದೆ ಕಳಿಸಿ, ನಾನು ಸೀಟಿನಲ್ಲಿ ಕೂತು ಸೆಟ್ಟಿನ ಗಿಡ್ಡ ಆಂಟೆನಾದಲ್ಲೇ ಮಾತಾಡುತ್ತಾ ಹೋದೆ. ಸ್ವಲ್ಪ ದೂರಕ್ಕೆ ದನಿ ತುಂಡಾಯಿತು, ಆಮೇಲೆ ಬರೀ ಕರಕರ. ಅಲ್ಲೇ ನಿಲ್ಲಿಸಿ, ಅದೇ ಸೆಟ್ಟಿಗೆ ಕಾರಿನ ಟಾಪ್ ಮೇಲೆ ಕೂರುವ ಮ್ಯಾಗ್ನೆಟ್ ಆಂಟೆನಾ ಸಿಕ್ಕಿಸಿದೆ. ಅದೇ ವ್ಯಾಟ್, ಅದೇ ಜಾಗ. ಅವನ ದನಿ ಪಕ್ಕದಲ್ಲೇ ಕೂತಷ್ಟು ಸ್ಪಷ್ಟ. ಕಾರಿನ ತಗಡು ಒಳಗಿನ ರೇಡಿಯೋ ಅಲೆಯನ್ನು ತಡೆಯುತ್ತದೆ. ಆಂಟೆನಾವನ್ನು ಟಾಪ್ ನಡುವೆ ಇಟ್ಟರೆ ಅದೇ ತಗಡು ಅಲೆಗೆ ಕನ್ನಡಿಯ ಹಾಗೆ ಕೆಲಸ ಮಾಡಿ ಸಹಾಯ ಮಾಡುತ್ತದೆ. ಮೂಲೆಯಲ್ಲಿಟ್ಟರೆ ಅಷ್ಟು ಚೆನ್ನಾಗಿರುವುದಿಲ್ಲ.

ಕಾಲು ಅಲೆಯ ಆಂಟೆನಾ, ಅಂದರೆ ರೇಡಿಯೋ ಅಲೆಯ ಉದ್ದದ ಕಾಲು ಭಾಗದಷ್ಟಿರುವುದು, ಎಷ್ಟು ಉದ್ದ ಬೇಕು ಅಂತ ತಿಳಿಯಲು 75ನ್ನು ಸೆಟ್ಟಿನ ಫ್ರೀಕ್ವೆನ್ಸಿಯಿಂದ (ಮೆಗಾಹರ್ಟ್ಜ್‌ನಲ್ಲಿ) ಭಾಗಿಸಿ, ಉತ್ತರ ಮೀಟರಿನಲ್ಲಿ ಬರುತ್ತದೆ. 446ಕ್ಕೆ ಸುಮಾರು 17 ಸೆಂಟಿಮೀಟರ್, 150ಕ್ಕೆ ಅರ್ಧ ಮೀಟರ್, ಜನಸಾಮಾನ್ಯರ ಮಾತಿಗೆಂದೇ ಇರುವ ಸಿಬಿ ರೇಡಿಯೋದ 27ಕ್ಕೆ ಎರಡೂಮುಕ್ಕಾಲು ಮೀಟರ್! ಕೊಂಬೆಗೆ ತಗುಲದ ಗಿಡ್ಡ ಆಂಟೆನಾ ಸಾಕು ಅನ್ನಿಸಿ ನಾನು 446 ಸೇರುವ ಎತ್ತರದ ಬ್ಯಾಂಡ್ ಯುಎಚ್‌ಎಫ್ ಆರಿಸಿದೆ.

ಆದರೆ ಒಂದು ಮಾತು. ಎಲ್ಲ ಸೆಟ್ಟಿಗೂ ಹೊರಗಿನ ಆಂಟೆನಾ ಹಾಕುವ ಹಾಗಿಲ್ಲ. ಯುರೋಪಿನಲ್ಲಿ 446 ಮೆಗಾಹರ್ಟ್ಜ್‌ನಲ್ಲಿ ಮಾತಾಡುವ ಪಿಎಂಆರ್446 ಸೆಟ್‌ಗಳು ಲೈಸೆನ್ಸ್ ಬೇಡದವು, ಆದರೆ ಅರ್ಧ ವ್ಯಾಟ್ ಮಾತ್ರ, ಆಂಟೆನಾ ಬಿಚ್ಚುವಂತಿಲ್ಲ. ಹೋಗುವ ಜಾಗದ ನಿಯಮ ನೋಡದೆ ದುಡ್ಡು ಕೊಡಬೇಡಿ.

ಮುಂದಿನ ಮತ್ತು ಕೊನೆಯ ಗಾಡಿಗೆ ಫಿಕ್ಸ್ ಮಾಡುವ ಸೆಟ್, ಉಳಿದವರಿಗೆ ಕೈಸೆಟ್ ಅಂತ ತೀರ್ಮಾನಿಸಿದೆ. ಇಳಿದು ನಡೆಯುವಾಗಲೂ ಕೈಸೆಟ್ ಬೇಕೇ ಬೇಕು. ಫಿಕ್ಸ್ ಮಾಡುವ 25 ವ್ಯಾಟ್ ಸೆಟ್ ಮಾತಾಡುವಾಗ 5 ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತದೆ. ಲೈಟರ್ ಸಾಕೆಟ್ ಬಿಟ್ಟು ನೇರ ಬ್ಯಾಟರಿಯಿಂದಲೇ ವೈರ್ ಎಳೆಸಿದೆ, ಫ್ಯೂಸನ್ನು ಬ್ಯಾಟರಿ ಪಕ್ಕದಲ್ಲೇ ಹಾಕಿಸಿದೆ.

ಪ್ರೈವಸಿ ಕೋಡ್ ಅಂತ ಒಂದು ಬರುತ್ತದಲ್ಲ, ಅದನ್ನು ನಂಬಿ ಗುಟ್ಟು ಮಾತಾಡಬೇಡಿ. ಅದೇ ಚಾನೆಲ್‌ನಲ್ಲಿ ಆ ಕೋಡ್ ಇಲ್ಲದೆ ಮಾತಾಡುವವರ ದನಿ ನಮಗೆ ಕೇಳದಂತೆ ಅದು ತಡೆಯುತ್ತದೆ, ಅಷ್ಟೇ. ನಮ್ಮ ಮಾತು ಎಲ್ಲರಿಗೂ ಕೇಳುತ್ತದೆ. ದನಿಗೆ ತಾನೇ ಆನ್ ಆಗುವ ವಾಕ್ಸ್ ಕೂಡ ಗಾಡಿಯಲ್ಲಿ ಬೇಡ. ಗಾಳಿಯ ಸದ್ದಿಗೇ ಆನ್ ಆಗಿ ಚಾನೆಲ್ ಹಿಡಿದುಕೊಳ್ಳುತ್ತದೆ.

ಈಗ ಹೊರಡುವ ಮೊದಲು ಎಲ್ಲರ ಚಾನೆಲ್, ಕೋಡ್ ಒಂದೇ ಇದೆಯಾ ಅಂತ ಒಂದೊಂದಾಗಿ ಕರೆದು ನೋಡುತ್ತೇನೆ. ಮೈಕ್ ಡ್ರೈವರ್ ಪಕ್ಕದವರ ಕೈಯಲ್ಲಿರುತ್ತದೆ. ಬಟನ್ ಒತ್ತಿ, ಒಂದು ಕ್ಷಣ ಬಿಟ್ಟು ಮಾತು ಶುರು ಮಾಡಬೇಕು, ಇಲ್ಲದಿದ್ದರೆ ಮೊದಲ ಪದ ನುಂಗಿಹೋಗುತ್ತದೆ. ತುದಿಯ ಗಾಡಿಗಳಿಗೆ ಪರಸ್ಪರ ಕೇಳದಿದ್ದರೆ ನಡುವಿನ ಗಾಡಿಯವರು ಮಾತನ್ನು ದಾಟಿಸುತ್ತಾರೆ.