ಹಾರ್ನೆಸ್ ಬಾರ್ ಹಾಕಿದೆ, ಆಮೇಲೆ ಬಿಚ್ಚಿದೆ

ನನ್ನ ಹತ್ತಿರ 2008ರ ಪೆಟ್ರೋಲ್ ಸ್ವಿಫ್ಟ್ ಇದೆ. ವರ್ಷಕ್ಕೆ ಮೂರ್ನಾಲ್ಕು ಸಲ ಅದನ್ನು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ತಗೊಂಡು ಹೋಗಿ ಟ್ರ್ಯಾಕ್ ಡೇಯಲ್ಲಿ, ಅಂದರೆ ನಮ್ಮದೇ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಬಿಡುವ ದಿನ, ಓಡಿಸುತ್ತೇನೆ. ಉಳಿದ ದಿನ ಪೊನ್ನಂಪೇಟೆ ಹತ್ತಿರ ಕಾಫಿ, ಮೆಣಸು ನೋಡಿಕೊಂಡು ಇರುವವನು. ನಮ್ಮ ಕೊಡಗಿನಲ್ಲಿ ಕಾರಿನ ಹುಚ್ಚು ಹೊಸದಲ್ಲ. ಭತ್ತ ಕೊಯ್ದ ಗದ್ದೆಯಲ್ಲಿ ಆಟೋಕ್ರಾಸ್, ಅಂದರೆ ಮಣ್ಣಿನ ಮೇಲಿನ ಕಾರು ರೇಸ್, ಇದ್ದರೆ ಊರಿಗೆ ಊರೇ ಬಂದು ಗದ್ದೆಯ ಏರಿಯ ಮೇಲೆ ನಿಲ್ಲುತ್ತದೆ. ನಾನೂ ಹಾಗೆ ನಿಂತು ನೋಡಿ ಬೆಳೆದವನು.

ಹಾರ್ನೆಸ್ ಬಾರ್ ಬೇಕು ಅನ್ನಿಸಿದ್ದಕ್ಕೆ ಕಾರಣ ಸರಳ. ಕಂಪನಿ ಸೀಟಿನಲ್ಲಿ ಕೂತು ಜೋರಾಗಿ ತಿರುವು ತೆಗೆದರೆ ಮೈ ಜಾರುತ್ತದೆ. ಮೊಣಕಾಲು ಬಾಗಿಲಿಗೆ ಒತ್ತಿಕೊಂಡು, ಸ್ಟೀರಿಂಗ್ ಹಿಡಿದು ನೇತಾಡಿದ ಹಾಗಾಗುತ್ತದೆ. ಕೈಗೆ ಓಡಿಸುವ ಕೆಲಸಕ್ಕಿಂತ ಮೈ ಹಿಡಿಯುವ ಕೆಲಸವೇ ಜಾಸ್ತಿ. ಅದಕ್ಕೆ ಆನ್‌ಲೈನಿನಲ್ಲಿ ಒಂದು ಬಾರ್ ತರಿಸಿದೆ, ಜೊತೆಗೆ ನಾಲ್ಕು ಪಟ್ಟಿಯ ಹಾರ್ನೆಸ್, ಅಂದರೆ ಎರಡೂ ಭುಜವನ್ನೂ ಸೊಂಟವನ್ನೂ ಸೀಟಿಗೆ ಬಿಗಿಯುವ ರೇಸ್ ಬೆಲ್ಟ್. ಬಾರ್ ಅಂದರೆ ಒಂದು ಅಡ್ಡ ಪೈಪು. ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ನಡುವೆ ಇರುತ್ತಲ್ಲ ಕಂಬ, ಬಿ ಪಿಲ್ಲರ್, ಅಲ್ಲಿ ಸೀಟ್ ಬೆಲ್ಟಿನ ಮೇಲಿನ ಬೋಲ್ಟ್ ಬಿಚ್ಚಿ ಅದೇ ಜಾಗಕ್ಕೆ ಈ ಪೈಪಿನ ಎರಡು ತುದಿ ಕೂರಿಸುವುದು. ಭುಜದ ಪಟ್ಟಿಗಳನ್ನು ಅದಕ್ಕೆ ಸುತ್ತುವುದು. ಎಲ್ಲೂ ಡ್ರಿಲ್ ಮಾಡಬೇಕಿಲ್ಲ, ವೆಲ್ಡ್ ಬೇಕಿಲ್ಲ. ಜುಲೈ ಮಳೆಯಲ್ಲಿ ತೋಟದ ಕೆಲಸ ನಿಂತಿತ್ತು, ಶೆಡ್ಡಿನಲ್ಲೇ ಎರಡು ಗಂಟೆಯಲ್ಲಿ ಹಾಕಿ ಮುಗಿಸಿದೆ.

ಮೊದಲ ಸಲ ಓಡಿಸಿದಾಗ ಬಹಳ ಖುಷಿಯಾಯಿತು. ಮೈ ಅಲುಗಲಿಲ್ಲ. ಪೆಡಲ್ ಮೇಲೆ ಕಾಲು ಹಗುರವಾಗಿತ್ತು.

ಮಧ್ಯಾಹ್ನದ ಸೆಷನ್ ಮುಗಿಸಿ ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಪಿಟ್‌ಗೆ ಬಂದು ನಿಲ್ಲಿಸಿದೆ. ಬೆಂಗಳೂರಿನಿಂದ ಬಂದಿದ್ದ ಒಬ್ಬರು ಹಿರಿಯರು, ಬಹಳ ವರ್ಷ ರೇಸ್ ಓಡಿಸಿದವರು, ಕಿಟಕಿ ಹತ್ತಿರ ಬಗ್ಗಿ ನೋಡಿದರು. "ಬೆಲ್ಟ್ ಬಿಚ್ಚಬೇಡಿ, ಹಾಗೇ ಇರಿ. ಬಕಲ್ ಎಲ್ಲಿದೆ ನೋಡ್ಕೊಳ್ಳಿ" ಅಂದರು. ಬೆಳಿಗ್ಗೆ ಹೊಟ್ಟೆಯ ತೀರಾ ಕೆಳಗೆ ಬಿಗಿದಿದ್ದ ಬಕಲ್ ಹೊಕ್ಕುಳ ಮೇಲೆ ಬಂದು ಕೂತಿತ್ತು. ಬ್ರೇಕ್ ಒತ್ತಿದಾಗಲೆಲ್ಲ ಭುಜದ ಪಟ್ಟಿ ಅದನ್ನು ಮೇಲೆ ಎಳೆದಿದೆ. ಸೊಂಟದ ಪಟ್ಟಿ ಇರಬೇಕಾದ್ದು ಸೊಂಟದ ಮೂಳೆ ಮೇಲೆ. ಅದು ಹೊಟ್ಟೆ ಮೇಲೆ ಬಂದರೆ, ಗುದ್ದಿದಾಗ ಮೈ ಪಟ್ಟಿಯ ಕೆಳಗೆ ನುಸುಳುತ್ತದೆ, ಪಟ್ಟಿ ಮೆತ್ತನೆಯ ಭಾಗಕ್ಕೆ ಕಡಿಯುತ್ತದೆ. ಸಬ್‌ಮರೀನಿಂಗ್ ಅನ್ನೋದು ಇದನ್ನೇ. ಇದನ್ನು ತಡೆಯಲೆಂದೇ ಐದು, ಆರು ಪಟ್ಟಿಯ ಹಾರ್ನೆಸ್‌ನಲ್ಲಿ ತೊಡೆಗಳ ಮಧ್ಯೆ ಹಾದು ಬಕಲ್ಲನ್ನು ಕೆಳಗೆ ಹಿಡಿಯುವ ಪಟ್ಟಿ ಇರುತ್ತದೆ. ಜರ್ಮನಿಯ ಶ್ರೋತ್ ಕಂಪನಿ ನಾಲ್ಕು ಪಟ್ಟಿಯಲ್ಲೇ ಒಂದು ಭುಜದ ಕಡೆ ಸ್ವಲ್ಪ ಬಿಟ್ಟುಕೊಡುವಂತೆ ಮಾಡಿ ಇದಕ್ಕೆ ಬೇರೆ ದಾರಿ ಹುಡುಕಿದೆ. ನನ್ನದರಲ್ಲಿ ಅದೂ ಇರಲಿಲ್ಲ, ಇದೂ ಇರಲಿಲ್ಲ.

ಆಮೇಲೆ ಅವರು ನನ್ನ ಹೆಲ್ಮೆಟ್ಟಿಗೂ ಮೇಲಿನ ತಗಡಿಗೂ ನಡುವೆ ಕೈ ತೂರಿಸಿದರು. ಮೂರು ಬೆರಳು ಹಿಡಿಸಿತು.

"ಕಾರು ಮಗುಚಿದ್ರೆ ನಿಮ್ಮ ತಲೆ ಎಲ್ಲಿಗೆ ಹೋಗುತ್ತೆ?"

ನನಗೆ ಉತ್ತರ ಗೊತ್ತಿರಲಿಲ್ಲ. ಹಾರ್ನೆಸ್ ಬಾರ್ ವಿಷಯದಲ್ಲಿ ನಾನು ಎಲ್ಲಕ್ಕಿಂತ ಮೊದಲು ಯೋಚಿಸಬೇಕಿದ್ದದ್ದು ಇದನ್ನೇ. ಮಾಮೂಲಿ ಮೂರು ಬಿಂದುವಿನ ಬೆಲ್ಟಿನಲ್ಲಿ, ಕಾರು ಮಗುಚಿ ಮೇಲಿನ ತಗಡು ಕುಸಿದರೆ, ಮೈ ಪಕ್ಕಕ್ಕೆ ವಾಲುವುದಕ್ಕೆ ಸ್ವಲ್ಪವಾದರೂ ಜಾಗ ಇರುತ್ತದೆ. ಎರಡೂ ಭುಜವನ್ನು ಸೀಟಿಗೆ ಬಿಗಿದು ಕೂತರೆ ಆ ಜಾಗ ಇಲ್ಲ. ತಗಡು ಕೆಳಗೆ ಬರುತ್ತದೆ, ತಲೆ ಅಲ್ಲೇ ಇರುತ್ತದೆ, ಭಾರವೆಲ್ಲ ಕತ್ತಿಗೆ. ರೇಸ್ ಕಾರಿನಲ್ಲಿ ಹಾರ್ನೆಸ್ ಸರಿ ಹೋಗುವುದು ಅಲ್ಲಿ ರೋಲ್ ಕೇಜ್, ಅಂದರೆ ಮೇಲಿನ ತಗಡು ಕುಸಿಯದಂತೆ ಹಿಡಿಯುವ ಉಕ್ಕಿನ ಪೈಪಿನ ಪಂಜರ, ಇರುವುದರಿಂದ. ಹಾರ್ನೆಸ್ ಬಾರ್ ನೋಡುವುದಕ್ಕೆ ಕೇಜಿನ ಒಂದು ತುಂಡಿನ ಹಾಗೆ ಕಾಣುತ್ತದೆ, ಮಗುಚಿದಾಗ ಮಾತ್ರ ಅದರಿಂದ ಏನೂ ಸಹಾಯವಿಲ್ಲ. ಮೇಲಿನ ತಗಡನ್ನು ಅದು ಮುಟ್ಟುವುದೇ ಇಲ್ಲವಲ್ಲ.

ಗದ್ದೆಯ ಆಟೋಕ್ರಾಸಿನಲ್ಲಿ ಒಂದು ಕಾರು ಏರಿಗೆ ಚಕ್ರ ತಾಗಿ ಎರಡು ಸುತ್ತು ಉರುಳಿದ್ದನ್ನು ನಾನೇ ನೋಡಿದ್ದೇನೆ. ತಗಡೆಲ್ಲ ಕಾಗದ ಮಡಚಿದ ಹಾಗಾಗಿತ್ತು. ಒಳಗೆ ಕೇಜಿನ ಆಕಾರ ಹಾಗೇ ನಿಂತಿತ್ತು. ಹುಡುಗ ತಾನೇ ಬೆಲ್ಟ್ ಬಿಚ್ಚಿ ಕಿಟಕಿಯಿಂದ ಹೊರಗೆ ಬಂದ. ಅದನ್ನು ನೋಡಿಯೂ ನನ್ನ ಕಾರಿಗೆ ಬರೀ ಅಡ್ಡ ಪೈಪು ಹಾಕಿ ಬಿಗಿದುಕೊಂಡು ಕೂತಿದ್ದೆ.

ಆದರೂ ಊರಿಗೆ ಬಂದ ತಕ್ಷಣ ಬಿಚ್ಚಲಿಲ್ಲ. ಬಿಚ್ಚಿಸಿದ್ದು ತಿತಿಮತಿ ರಸ್ತೆ. ಸಂಜೆ ಹೊತ್ತು, ಅಣ್ಣನ ಮಗ ಹಿಂದಿನ ಸೀಟಿನಲ್ಲಿದ್ದ. ಬೆಲ್ಟ್ ಹಾಕದೆ ಮುಂದೆ ಬಗ್ಗಿ ನನ್ನ ಜೊತೆ ಮಾತಾಡುತ್ತಿದ್ದ. ತಿರುವು ದಾಟಿದರೆ ರಸ್ತೆ ಬದಿಯಲ್ಲಿ ಆನೆ. ನಾನು ಗಟ್ಟಿಯಾಗಿ ಬ್ರೇಕ್ ಹಾಕಿದೆ. ಹಿಂದೆ ಟಣ್ ಅಂತ ಸದ್ದು. ಅವನ ಹಣೆ ಬಾರಿಗೆ ಹೊಡೆದಿತ್ತು. ಸಣ್ಣ ಕಾರಿನಲ್ಲಿ ಆ ಪೈಪು ಹಿಂದೆ ಕೂತವರ ಮುಖದ ಎದುರಿಗೇ ಇರುತ್ತದೆ. ಅದೃಷ್ಟಕ್ಕೆ ಬುಗುಟಿನಲ್ಲಿ ಮುಗಿಯಿತು. ಅವನಿಗೆ ಬೆಲ್ಟ್ ಹಾಕಿಸದೆ ಹೊರಟದ್ದು ನನ್ನ ತಪ್ಪು. ಅಲ್ಲಿ ಕಬ್ಬಿಣ ತಂದು ಇಟ್ಟವನೂ ನಾನೇ.

ಮಾರನೇ ದಿನ ಬೆಳಿಗ್ಗೆ ಸ್ಪಾನರ್ ಹಿಡಿದೆ. ಬಲಗಡೆಯ ಬೋಲ್ಟ್ ತಿರುಗಿಸಿದರೆ ಎಣಿಸಿ ನಾಲ್ಕೇ ಸುತ್ತಿನಲ್ಲಿ ಕೈಗೆ ಬಂತು. ಮೂಲ ಬೆಲ್ಟಿನ ಕೊಂಡಿ, ಅದರ ವಾಷರ್, ಅದರ ಮೇಲೆ ಬಾರಿನ ದಪ್ಪ ಪಟ್ಟಿ, ಇಷ್ಟೂ ಒಂದೇ ಬೋಲ್ಟಿನಲ್ಲಿ. ಉದ್ದ ಸಾಲದೆ ನಾಲ್ಕೇ ಎಳೆ ಕಚ್ಚಿಕೊಂಡಿತ್ತು. ಅಷ್ಟು ದಿನ ನಾನು ನಂಬಿ ಕೂತದ್ದು ಆ ನಾಲ್ಕು ಎಳೆಯನ್ನು.

ಆಗ ಕೂತು ಲೆಕ್ಕ ಹಾಕಿದೆ. ಗಂಟೆಗೆ 60 ಕಿ.ಮೀ. ವೇಗದಿಂದ ಮೈ 70 ಸೆಂ.ಮೀ. ದೂರದಲ್ಲಿ ನಿಂತರೆ ಸರಾಸರಿ 20 ಜಿ, ಅಂದರೆ ಮೈ ತೂಕದ 20 ಪಟ್ಟು ಬಲ. ನನ್ನ ತೂಕ 75 ಕೆ.ಜಿ. ಅಂದರೆ ಪಟ್ಟಿಗಳೆಲ್ಲ ಸೇರಿ ತಡೆಯಬೇಕಾದ ಭಾರ 1500 ಕೆ.ಜಿ. 50 ಕೆ.ಜಿ.ಯ ಕಾಫಿ ಮೂಟೆ ಲೆಕ್ಕದಲ್ಲಿ 30 ಮೂಟೆ. ಸೊಂಟದ ಪಟ್ಟಿ ಒಂದಷ್ಟು ಹೊರುತ್ತದೆ, ಉಳಿದದ್ದು ಆ ಪೈಪಿನ ನಡುಭಾಗಕ್ಕೆ ಬಂದು ಅದನ್ನು ಮುಂದಕ್ಕೆ ಬಗ್ಗಿಸುತ್ತದೆ.

ಇದೆಲ್ಲ ಗೊತ್ತಾದ ಮೇಲೆ ಟ್ರ್ಯಾಕ್ ಬಿಡುವುದಾ, ಸರಿಯಾಗಿ ಮಾಡುವುದಾ ಅನ್ನುವುದಷ್ಟೇ ಉಳಿಯಿತು. ಸರಿಯಾಗಿ ಮಾಡುವುದಕ್ಕೆ ದುಡ್ಡು ಸೇರುವವರೆಗೆ ಒಂದೂವರೆ ವರ್ಷ ಕಂಪನಿ ಬೆಲ್ಟಿನಲ್ಲೇ ಓಡಿಸಿದೆ. ಕಂಪನಿ ಸೀಟು, ಕಂಪನಿ ಬೆಲ್ಟು ಒಂದಕ್ಕೊಂದು ಹೊಂದಿಸಿ ಮಾಡಿದ ಜೋಡಿ. ಅರ್ಧ ಬದಲಾಯಿಸಿದ ಕಾರಿಗಿಂತ ಏನೂ ಬದಲಾಯಿಸದ ಕಾರೇ ವಾಸಿ ಅಂತ ನನಗೆ ಈಗ ಖಂಡಿತ ಅನ್ನಿಸುತ್ತದೆ.

ಮೊದಲು ಗೋಣಿಕೊಪ್ಪದಲ್ಲಿ ಗೇಟು, ಶೆಡ್ಡಿನ ಟ್ರಸ್ ಮಾಡುವವರ ಹತ್ತಿರ ಹೋದೆ. ವೆಲ್ಡಿಂಗ್ ಕೈ ಬಹಳ ಚೆನ್ನಾಗಿದೆ ಅವರದ್ದು. "ಅಣ್ಣ, ಕಾರಿನೊಳಗೆ ಒಂದು ರೋಲ್ ಬಾರ್ ಮಾಡಬೇಕು" ಅಂದೆ. ರೋಲ್ ಬಾರ್ ಅಂದರೆ ಕೇಜಿನ ಮುಖ್ಯ ಭಾಗ, ಸೀಟಿನ ಹಿಂದೆ ನಿಲ್ಲುವ ಕಮಾನು. ಅವರು ಮೂಲೆಯಿಂದ ಒಂದು ಪೈಪಿನ ತುಂಡು ತಂದು, ನನ್ನ ಬೆರಳು ಹಿಡಿದು ಅದರ ಒಳಗೆ ಉದ್ದಕ್ಕೆ ಎಳೆಸಿದರು. ಸಣ್ಣ ಏಣು ತಾಗಿತು.

"ಇದು ಹೊಲಿಗೆ ಹಾಕಿದ ಪೈಪು. ಬಗ್ಗಿಸಿದ್ರೆ ಒಂದೊಂದ್ಸಲ ಇಲ್ಲೇ ಬಿಡುತ್ತೆ. ಗೇಟಿಗಾದ್ರೆ ಪರವಾಗಿಲ್ಲ. ನಿಮ್ಮ ತಲೆ ಮೇಲೆ ಇದನ್ನ ನಾನು ಇಡಲ್ಲ" ಅಂದರು.

ಹಾಗೆ ಹೇಳಿದವರಿಗೆ ನಾನು ಯಾವತ್ತೂ ಋಣಿ. ಕೊನೆಗೆ ಬೆಂಗಳೂರಿನಲ್ಲಿ ರ್‍ಯಾಲಿ ಕಾರು ಕಟ್ಟುವವರ ಹತ್ತಿರ ಮಾಡಿಸಿದೆ. ಮೋಟಾರ್ ರೇಸಿನ ಜಾಗತಿಕ ಸಂಸ್ಥೆ ಎಫ್‌ಐಎಯ ನಿಯಮಗಳ ಅಪೆಂಡಿಕ್ಸ್ ಜೆ, 253ನೇ ವಿಧಿಯಲ್ಲಿ ಅಳತೆಗಳೆಲ್ಲ ಇವೆ. ನನ್ನದಕ್ಕೂ ಅದನ್ನೇ ಇಟ್ಟುಕೊಂಡೆವು. ಮುಖ್ಯ ಕಮಾನಿಗೆ ಹೊಲಿಗೆ ಇಲ್ಲದ, ಕೋಲ್ಡ್ ಡ್ರಾನ್ (ಕಾಯಿಸದೆ ಎಳೆದು ಮಾಡಿದ) ಉಕ್ಕಿನ ಪೈಪು, 45 ಮಿ.ಮೀ. ಅಡ್ಡಳತೆ, 2.5 ಮಿ.ಮೀ. ದಪ್ಪ. ಹಿಂದಕ್ಕೆ ಎರಡು ಆನಿಕೆ, ನಡುವೆ ಒಂದು ಓರೆ ಪೈಪು. ಭುಜದ ಪಟ್ಟಿ ಸುತ್ತುವ ಅಡ್ಡ ಪೈಪು 38 ಮಿ.ಮೀ., ದಪ್ಪ ಅದೇ 2.5. ಅದು ಕಮಾನಿಗೇ ವೆಲ್ಡ್ ಆಗಿದೆ, ಬಿ ಪಿಲ್ಲರಿನ ಬೋಲ್ಟಿಗೂ ಅದಕ್ಕೂ ಸಂಬಂಧವಿಲ್ಲ. ಕಮಾನಿನ ಪಾದದ ಕೆಳಗೆ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ಪ್ಲೇಟ್. ಸೊಂಟದ ಪಟ್ಟಿ, ತೊಡೆ ಪಟ್ಟಿಗಳಿಗೆ ನೆಲದಲ್ಲಿ ಹೊಸ ತೂತು ಕೊರೆದ ಕಡೆಯೆಲ್ಲ ಅಡಿಯಿಂದ 40 ಚದರ ಸೆಂ.ಮೀ.ಗೆ ಕಮ್ಮಿ ಇಲ್ಲದ ಪ್ಲೇಟ್.

ಅಡ್ಡ ಪೈಪಿನ ಎತ್ತರಕ್ಕೆ ಮಾತ್ರ ನಾನೇ ಅರ್ಧ ದಿನ ಕೂತೆ. ಮೈಯನ್ನು ಎರಡೂ ಬದಿ ಹಿಡಿಯುವ ರೇಸಿನ ಬಕೆಟ್ ಸೀಟನ್ನು ಅದರ ಜಾಗದಲ್ಲಿ ಕೂರಿಸಿ, ಹೆಲ್ಮೆಟ್ ಹಾಕಿ, ಓಡಿಸುವ ಹಾಗೆ ಕೂತೆ. ಭುಜದಿಂದ ಹಿಂದಕ್ಕೆ ಒಂದು ಹುರಿ ಎಳೆದು, ಅದರ ಮೇಲೆ ಫೋನ್ ಇಟ್ಟು ಕೋನ ನೋಡಿದೆವು. ಪಟ್ಟಿ ಭುಜದಿಂದ ಹಿಂದಕ್ಕೆ ಸ್ವಲ್ಪ ಇಳಿಜಾರಾಗಿ ಹೋಗಬೇಕು. ನಿಯಮ ಹೇಳುವುದು 45 ಡಿಗ್ರಿ ದಾಟಬಾರದು ಅಂತ, 10ರ ಹತ್ತಿರ ಇದ್ದಷ್ಟು ಒಳ್ಳೆಯದು. ಜಾಸ್ತಿ ಇಳಿಜಾರಾದರೆ ಪಟ್ಟಿ ಭುಜವನ್ನು ಕೆಳಗೆ ಒತ್ತುತ್ತದೆ, ಬೆನ್ನುಮೂಳೆ ಜಜ್ಜುತ್ತದೆ. ಬಾರ್ ಇಲ್ಲದೆ ಪಟ್ಟಿಯನ್ನು ಹಿಂದಿನ ಸೀಟಿನ ಬೆಲ್ಟ್ ಬೋಲ್ಟಿಗೆ ನೆಲಕ್ಕೆ ಕಟ್ಟುವವರಿದ್ದಾರೆ. ಅಲ್ಲಿ ಕೋನವೂ ಕೆಡುತ್ತದೆ, ಪಟ್ಟಿ ಉದ್ದವಾದಷ್ಟು ಹಿಗ್ಗುವುದೂ ಜಾಸ್ತಿ. ನಮ್ಮದು 12 ಡಿಗ್ರಿಗೆ ಬಂತು. ಅಲ್ಲೇ ಗುರುತು ಹಾಕಿದೆವು.

ಇನ್ನು ಕತ್ತು. ಎದೆಯನ್ನು ಸೀಟಿಗೆ ಬಿಗಿದ ಮೇಲೆ ಗುದ್ದಿದಾಗ ಮುಂದೆ ಹೋಗುವುದು ತಲೆಯೊಂದೇ, ಹೆಲ್ಮೆಟ್ಟಿನ ಭಾರ ಬೇರೆ. 2001ರಲ್ಲಿ ಅಮೆರಿಕದ ಡೇಟೋನಾ ರೇಸಿನಲ್ಲಿ ಅಲ್ಲಿನ ಹೆಸರಾಂತ ಚಾಲಕ ಡೇಲ್ ಅರ್ನ್‌ಹಾರ್ಟ್ ತೀರಿಕೊಂಡದ್ದು ತಲೆಬುರುಡೆಯ ಬುಡ ಮುರಿದು. ತಲೆ ಹಾಗೆ ಮುಂದಕ್ಕೆ ಎಗರದಂತೆ ಹೆಲ್ಮೆಟ್ಟನ್ನು ಭುಜದ ಮೇಲೆ ಕೂರುವ ಕಾಲರಿಗೆ ಕಟ್ಟಿ ಹಿಡಿಯುವ ಸಾಧನ ಹ್ಯಾನ್ಸ್. ರಾಬರ್ಟ್ ಹಬ್ಬರ್ಡ್, ಜಿಮ್ ಡೌನಿಂಗ್ ಸೇರಿ ಮಾಡಿದ ಅದು ಆ ಅಪಘಾತಕ್ಕೂ ಮೊದಲೇ ಇತ್ತು. ಎಲ್ಲರೂ ಹಾಕತೊಡಗಿದ್ದು ಆಮೇಲೆ. 2003ರಿಂದ ಫಾರ್ಮುಲಾ ಒನ್‌ನಲ್ಲಿ ಕಡ್ಡಾಯ. ಹಾರ್ನೆಸ್ ಕೊಳ್ಳುವವರು ಹ್ಯಾನ್ಸ್ ದುಡ್ಡನ್ನೂ ಅದೇ ದಿನ ಎತ್ತಿಡಬೇಕು. ನಾನು ಎರಡನ್ನೂ ಒಟ್ಟಿಗೇ ತಗೊಂಡೆ. ಹಾರ್ನೆಸ್ ಆರು ಪಟ್ಟಿಯದು, ತೊಡೆ ಪಟ್ಟಿ ಹಾದು ಹೋಗಲು ತೂತು ಇರುವ ಸೀಟು. ಸೀಟಿನ ಮೇಲೆ, ಹಾರ್ನೆಸ್ ಮೇಲೆ ತಾರೀಖು ಇರುತ್ತದೆ, ನೋಡಿ ಕೊಳ್ಳಿ. ಅವಧಿ ಮುಗಿದದ್ದು ಕಮ್ಮಿ ಬೆಲೆಗೆ ಬಂದರೂ ಬೇಡ.

ಈಗ ಆ ಸ್ವಿಫ್ಟ್ ರಸ್ತೆಗೆ ಇಳಿಯುವುದಿಲ್ಲ. ಹಿಂದಿನ ಸೀಟ್ ತೆಗೆದಿದ್ದೇನೆ. ಹೆಲ್ಮೆಟ್ ತಾಗಬಹುದಾದ ಕಡೆ ಕೇಜಿಗೆಂದೇ ಮಾಡಿದ ಗಟ್ಟಿ ಪ್ಯಾಡ್ ಹಾಕಿದ್ದೇನೆ, ಎಸಿ ಪೈಪಿಗೆ ಸುತ್ತುವ ಸ್ಪಂಜ್ ಅಲ್ಲಿಗೆ ಆಗುವುದಿಲ್ಲ. ಹೆಲ್ಮೆಟ್ ಇಲ್ಲದ ತಲೆಗೆ ಆ ಪ್ಯಾಡ್ ಕೂಡ ಸಾಲದು. ಅದಕ್ಕೇ ಕೊಯಮತ್ತೂರಿಗೆ ಪಿಕಪ್ ಮೇಲೆ ಏರಿಸಿಕೊಂಡು ಹೋಗುತ್ತೇನೆ. ಟ್ರ್ಯಾಕಿನಲ್ಲಿ ಕೂತ ಮೇಲೆ ಮೊದಲು ಸೊಂಟದ ಪಟ್ಟಿ ಕೆಳಗೆ ಬಿಗಿಯುತ್ತೇನೆ, ಆಮೇಲೆ ಭುಜದ್ದು. ಪ್ರತಿ ಸೆಷನ್ ಮುಗಿದ ಮೇಲೆ ಬಿಚ್ಚುವ ಮೊದಲು ಬಕಲ್ ಎಲ್ಲಿದೆ ಅಂತ ಕೈಯಿಂದ ಮುಟ್ಟಿ ನೋಡುತ್ತೇನೆ.

ಹಳೇ ಬಾರ್ ಶೆಡ್ಡಿನಲ್ಲಿ ಗೊಬ್ಬರದ ಚೀಲದ ಹಿಂದೆ ಬಿದ್ದಿತ್ತು. ಹೋದ ತಿಂಗಳು ವಿರಾಜಪೇಟೆಯ ಒಬ್ಬ ಹುಡುಗ ಫೋನ್ ಮಾಡಿ, "ಅಣ್ಣ, ನಿಮ್ಮ ಹತ್ರ ಬಾರ್ ಇದೆಯಂತಲ್ಲ, ಕೊಡ್ತೀರಾ?" ಅಂದ. ಇಲ್ಲ ಅಂದೆ. ಮನೆಗೆ ಬಾ, ನನ್ನ ಕಾರು ನೋಡು ಅಂದೆ. ಅವನು ಬರುವ ಮೊದಲೇ ಬಾರನ್ನು ಕಟಿಂಗ್ ಮಷಿನ್‌ಗೆ ಕೊಟ್ಟು ನಡುವೆ ಎರಡು ತುಂಡು ಮಾಡಿದೆ. ಕತ್ತರಿಸಿದ ಬಾಯಿಗೆ ದಪ್ಪ ಅಳೆಯುವ ವರ್ನಿಯರ್ ಹಿಡಿದು, ಅವನ ಕೈಗೇ ಕೊಟ್ಟು ಓದಿಸಿದೆ. ಗೋಡೆ ದಪ್ಪ 1.6 ಮಿ.ಮೀ. ಒಳಗೆ ಉದ್ದಕ್ಕೂ ಹೊಲಿಗೆ.