ಎರೆಭೂಮಿಯ ಗ್ಯಾರೇಜಿನಲ್ಲಿ ಪಿಲ್ಲರ್ ಡ್ರಿಲ್ ಅಲುಗದಂತೆ ಕೂರಿಸುವುದು

ಕಬ್ಬಿಣಕ್ಕೆ ತೂತು ಹಾಕುವ, ಕಂಬದ ಮೇಲೆ ನಿಂತ ಯಂತ್ರವಾದ ಪಿಲ್ಲರ್ ಡ್ರಿಲ್ಲಿನ ಭಾರವೆಲ್ಲ ತಲೆಯಲ್ಲೇ ಇರುತ್ತದೆ. ಮೋಟರು, ಪುಲ್ಲಿ, ಸ್ಪಿಂಡಲ್ ಎಲ್ಲವೂ ಮೇಲೆ. ಕೆಳಗಿರುವುದು ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ಬೀಡಿನ ಬೇಸ್ ಮಾತ್ರ. ಇಷ್ಟು ಭಾರದ ಯಂತ್ರ ಎಲ್ಲಿಗೆ ಹೋದೀತು ಎಂದು ಹಾಗೆಯೇ ನಿಲ್ಲಿಸಿಬಿಡುತ್ತಾರೆ. ಉದ್ದನೆಯ ಆ್ಯಂಗಲ್ಲಿನ ತುದಿಗೆ ತೂತು ಹಾಕುವಾಗ ಬಿಟ್ ಆಚೆ ಹೊರಡುವ ಹೊತ್ತಿಗೆ ಕಬ್ಬಿಣ ಕಚ್ಚಿಕೊಂಡರೆ ಇಡೀ ಯಂತ್ರ ತಿರುಗಿ ವಾಲುತ್ತದೆ. ಬೇಸಿನ ನಾಲ್ಕು ಮೂಲೆಗಳಲ್ಲಿ ತೂತು ಕೊಟ್ಟಿರುವುದು ಬೋಲ್ಟ್ ಹಾಕಲೆಂದೇ.

ಸಿಂಧನೂರು, ಸಿರುಗುಪ್ಪ, ಕಾರಟಗಿ ಕಡೆಯವರು ಇನ್ನೊಂದು ಮಾತು ಗಮನಿಸಬೇಕು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಗೋಡೆ ಒಂದು ಕಡೆ ಸರಿದರೆ ನೆಲ ಇನ್ನೊಂದು ಕಡೆ ಏಳುತ್ತದೆ. ಆದ್ದರಿಂದ ಕಂಬಕ್ಕೆ ಪಟ್ಟಿ ಹಾಕಿ ಗೋಡೆಗೆ ಬಿಗಿಯುವ ಉಪಾಯ ಇಲ್ಲಿ ಬೇಡವೇ ಬೇಡ. ಯಂತ್ರಕ್ಕೆ ಅದರದೇ ಕಾಂಕ್ರೀಟ್ ಪೀಠ ಇರಲಿ, ಬೇರೆ ಯಾವುದಕ್ಕೂ ಅದನ್ನು ಕಟ್ಟಬೇಡಿ.

ಶಹಾಬಾದ್ ಫರಸಿ ಹಾಸಿದ ನೆಲಕ್ಕೆ ನೇರವಾಗಿ ಆ್ಯಂಕರ್ ಹೊಡೆಯುವುದೂ ತಪ್ಪು. ಕಲ್ಲು ಒಂದೂವರೆ ಇಂಚು ದಪ್ಪ ಇದ್ದರೆ ಹೆಚ್ಚು, ಅದರ ಕೆಳಗೆ ಮರಳು. ತೂತಿನೊಳಗೆ ಅರಳಿ ಹಿಡಿಯುವ ಎಕ್ಸ್‌ಪ್ಯಾನ್ಶನ್ ಬೋಲ್ಟ್ ಬಿಗಿದ ಕೂಡಲೇ ಕಲ್ಲು ಸೀಳುತ್ತದೆ.

ಪೀಠದ ಕೆಲಸ ಗಾರೆಯವರಿಗೆ ಗೊತ್ತಿರುವಂಥದ್ದೇ. ಮೂರಡಿ ಚೌಕ ಗುರುತು ಹಾಕಿ, ಫರಸಿ ತೆಗೆದು, ಎರೆಮಣ್ಣನ್ನು ಎರಡಡಿ ಆಳದವರೆಗೆ ಹೊರಹಾಕಿ. ತಳದಿಂದ ಒಂದೂವರೆ ಅಡಿ ಗರಸು ತುಂಬಿ. ಅರ್ಧರ್ಧ ಅಡಿಗೆ ನೀರು ಚಿಮುಕಿಸಿ ದಮ್ಮಸ್ಸು ಹೊಡೆಯಿರಿ. ಸುತ್ತ 12 ಮಿ.ಮೀ. ಥರ್ಮಕೋಲ್ ನಿಲ್ಲಿಸಿದರೆ ಹಳೆಯ ನೆಲಕ್ಕೂ ಪೀಠಕ್ಕೂ ಸಂಬಂಧ ಇರುವುದಿಲ್ಲ. 8 ಮಿ.ಮೀ. ಸರಳಿನ ಜಾಲರಿ ಇಟ್ಟು ಆರು ಇಂಚು ಕಾಂಕ್ರೀಟ್ ಹಾಕಿ. ಇಷ್ಟಕ್ಕೆ ಒಂದೇ ಚೀಲ ಸಿಮೆಂಟ್ ಸಾಕು: 20 ಲೀಟರ್ ಪೇಂಟ್ ಬಕೆಟ್ಟಿನಲ್ಲಿ ಮರಳು ಎರಡೂವರೆ, 20 ಮಿ.ಮೀ. ಜಲ್ಲಿ ಐದು, ನೀರು 25 ಲೀಟರ್ ಮೀರದಂತೆ. ಮರಳು ಹಸಿಯಿದ್ದರೆ ನೀರು ಇನ್ನೂ ಕಡಿಮೆ. ನಮ್ಮ ಬಿಸಿಲಿಗೆ ಗೋಣಿಚೀಲ ಹಾಸಿ ಎರಡು ವಾರ ಒದ್ದೆಯಾಗಿಡಿ. ಆ್ಯಂಕರ್ ತೂತಿಗೆ 28 ದಿನ ಕಾಯಿರಿ.

ಕಾಂಕ್ರೀಟ್ ಹಾಕುವಾಗಲೇ ಜೆ ಬೋಲ್ಟ್ ಹೂಳುವವರಿದ್ದಾರೆ. ಸಲಾಕೆ ತಾಗಿ ಒಂದು ಬೋಲ್ಟ್ ಅರ್ಧ ಇಂಚು ಸರಿದರೂ ಬೇಸ್ ಇಳಿಯುವುದಿಲ್ಲ. ಕೊರೆದ ತೂತಿಗೆ ಅಂಟು ತುಂಬಿ ರಾಡ್ ಕೂರಿಸುವ ಕೆಮಿಕಲ್ ಆ್ಯಂಕರೇ ಒಳ್ಳೆಯದು. ಒಂದು ಮೀಟರಿನ ಎಂ12 (12 ಮಿ.ಮೀ. ದಪ್ಪದ) ಥ್ರೆಡ್ ರಾಡ್ ತಂದು 190 ಮಿ.ಮೀ.ನ ನಾಲ್ಕು ತುಂಡು ಮಾಡಿ. ಬೇಸಿನ ತೂತುಗಳನ್ನು ಪ್ಲೈವುಡ್ಡಿನ ಮೇಲೆ ಗುರುತಿಸಿ, ಆ ಅಚ್ಚನ್ನು ಪೀಠದ ನಡುವೆ ಇಟ್ಟು 14 ಮಿ.ಮೀ. ಬಿಟ್ಟಿನಿಂದ 110 ಮಿ.ಮೀ. ಆಳ ಕೊರೆಯಿರಿ. ರೋಟರಿ ಹ್ಯಾಮರ್ ದಿನದ ಬಾಡಿಗೆಗೆ ತನ್ನಿ. ಮನೆಯ ಸಣ್ಣ ಡ್ರಿಲ್ಲಿನಲ್ಲಿ ತೂತು ನೆಟ್ಟಗೆ ಬರುವುದಿಲ್ಲ.

ಕೆಮಿಕಲ್ ಆ್ಯಂಕರ್ ಕಿತ್ತುಬಂದರೆ ಬಹುಪಾಲು ಕಾರಣ ತೂತಿನೊಳಗಿನ ಧೂಳು. ಅಂಟು ಕಾಂಕ್ರೀಟನ್ನು ಹಿಡಿಯುವ ಬದಲು ಧೂಳನ್ನು ಹಿಡಿದಿರುತ್ತದೆ. ತಳದಿಂದ ಗಾಳಿ ಊದಿ, ತಂತಿ ಬ್ರಷ್ ಆಡಿಸಿ, ಮತ್ತೆ ಊದಿ. ಇದನ್ನು ಎರಡು ಸುತ್ತು ಮಾಡಿ. ಬಾಯಿಂದ ಊದಿದರೆ ಕಣ್ಣಿಗೆ ಧೂಳು, ತೂತಿಗೆ ಎಂಜಲಿನ ತೇವ. ಸೈಕಲ್ ಪಂಪಿಗೆ ಸಣ್ಣ ಪೈಪ್ ಸಿಕ್ಕಿಸಿಕೊಳ್ಳಿ. ಅಂಟಿನ ಟ್ಯೂಬಿನ ಮೇಲೆ ಅವಧಿ ಮುಗಿಯುವ ದಿನಾಂಕ ನೋಡಿಯೇ ಕೊಳ್ಳಿ. ಮೊದಲು ಬರುವ ಅಂಟಿನಲ್ಲಿ ಎರಡು ಬಣ್ಣ ಬೇರೆ ಬೇರೆ ಕಾಣುತ್ತವೆ, ಅದು ಗಟ್ಟಿಯಾಗುವುದಿಲ್ಲ. ಒಂದೇ ಬಣ್ಣ ಬರುವವರೆಗೆ ಹೊರಗೆ ಚೆಲ್ಲಿ. ತೂತಿನ ತಳದಿಂದ ಮೂರರಲ್ಲಿ ಎರಡು ಪಾಲು ತುಂಬಿ, ರಾಡನ್ನು ತಿರುಗಿಸುತ್ತ ಇಳಿಸಿ. 40 ಡಿಗ್ರಿ ಬಿಸಿಲಿನಲ್ಲಿ ಅಂಟು ಕೆಲವೇ ನಿಮಿಷಗಳಲ್ಲಿ ಬಿಗಿಯುತ್ತದೆ. ಬೆಳಗಿನ ತಂಪಿನಲ್ಲಿ, ಒಂದು ತೂತು ಮುಗಿಸಿ ಇನ್ನೊಂದಕ್ಕೆ ಹೋಗಿ.

ಯಂತ್ರ ಎತ್ತುವ ಮುನ್ನ ಟೇಬಲನ್ನು ತಳಕ್ಕಿಳಿಸಿ ಬಿಗಿಯಿರಿ. ಚೈನ್ ಪುಲ್ಲಿಯ ಬೆಲ್ಟನ್ನು ತಲೆಯ ಕೆಳಗೆ ಹಾಕಿ, ಟೇಬಲ್ಲಿಗಲ್ಲ.

ಮುಂದಿನದು ಹೆಚ್ಚು ಜನ ಎಡವುವ ಹಂತ. ಪೀಠ ಎಷ್ಟೇ ಸಮ ಇದ್ದರೂ ಬೀಡಿನ ಬೇಸ್ ನಾಲ್ಕೂ ಕಡೆ ಒಟ್ಟಿಗೆ ಕೂರುವುದಿಲ್ಲ. ನಟ್ ತಿರುವಿ ಎಳೆದು ಕೂರಿಸಿದರೆ ಬೇಸ್ ತಿರುಚಿಕೊಳ್ಳುತ್ತದೆ, ಬೋಲ್ಟ್ ತೂತಿರುವ ಮೂಲೆಯೂ ಸೀಳಬಹುದು. ಬೀಡು ಬಾಗುವ ಲೋಹವಲ್ಲ. ಪ್ರತಿ ಬೋಲ್ಟಿನ ಪಕ್ಕ 20 ಮಿ.ಮೀ. ದಪ್ಪದ, ಎರಡಿಂಚು ಚೌಕದ ಕಬ್ಬಿಣದ ಬಿಲ್ಲೆ ಇಟ್ಟು ಬೇಸ್ ಇಳಿಸಿ. ಮೂರು ಮೂಲೆ ತಾವಾಗಿ ಕೂತಿರುತ್ತವೆ, ನಾಲ್ಕನೆಯದರಲ್ಲಿ ಸಂದು ಉಳಿಯುತ್ತದೆ. ಬೈಕ್ ಮೆಕ್ಯಾನಿಕ್ ಟ್ಯಾಪೆಟ್‌ಗೆ ಬಳಸುವ ಫೀಲರ್ ಗೇಜಿನಿಂದ ಆ ಸಂದು ಅಳೆದು, ಅಷ್ಟೇ ದಪ್ಪದ ತಗಡು ತೂರಿಸಿ. ಹಳೆಯ ಹ್ಯಾಕ್ಸಾ ಬ್ಲೇಡಿನ ತುಂಡು 0.63 ಮಿ.ಮೀ., ತಂಪುಪಾನೀಯದ ಡಬ್ಬಿಯ ತಗಡು ಸುಮಾರು 0.1 ಮಿ.ಮೀ. ರಟ್ಟು, ಪ್ಲೈವುಡ್ ಚೂರು ದಿನ ಕಳೆದಂತೆ ಅಮರಿ ಹೋಗುತ್ತವೆ. ನಟ್‌ಗಳನ್ನು ಹದವಾಗಿ ಬಿಗಿದು, ಒಂದೊಂದನ್ನೇ ಸಡಿಲಿಸಿ ನೋಡಿ: ಆ ಮೂಲೆ ಕೂದಲೆಳೆಯಷ್ಟು ಮೇಲೆದ್ದರೂ ಅಲ್ಲಿ ತಗಡು ಸಾಲದು. ರಸಮಟ್ಟದ ಗುಳ್ಳೆ ಸ್ವಲ್ಪ ಸರಿದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಮಟ್ಟಕ್ಕಿಂತ ಮುಖ್ಯ ಬೇಸ್ ತಿರುಚಿಲ್ಲದಿರುವುದು.

ಬಳಿಕ ಬೇಸಿಗೂ ಪೀಠಕ್ಕೂ ನಡುವಿನ ಸಂದಿಗೆ ನಾನ್‌ಶ್ರಿಂಕ್ ಗ್ರೌಟ್, ಅಂದರೆ ಕುಗ್ಗದ ತೆಳು ಗಾರೆ. ಸುಮಾರು 7 ಕೆ.ಜಿ. ಪುಡಿ ಬೇಕಾದೀತು. ಬರೀ ಸಿಮೆಂಟ್ ಗಾರೆ ಒಣಗುತ್ತ ಕುಗ್ಗಿ ಬೇಸಿನ ಅಡಿ ಬಿಟ್ಟುಕೊಳ್ಳುತ್ತದೆ. ಪೀಠವನ್ನು ಮೊದಲೇ ನೆನೆಸಿ, ಸುತ್ತ ಹಲಗೆ ಕಟ್ಟಿ, ಒಂದೇ ಬದಿಯಿಂದ ಸುರಿಯಿರಿ. ಎದುರು ಬದಿಯಲ್ಲಿ ಉಕ್ಕುವವರೆಗೆ ನಿಲ್ಲಿಸಬೇಡಿ. ಎರಡೂ ಕಡೆಯಿಂದ ಸುರಿದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಮೂರು ದಿನ ಬಿಟ್ಟು ನಟ್‌ಗಳನ್ನು ಕರ್ಣದ ಕ್ರಮದಲ್ಲಿ ಬಿಗಿಯಿರಿ.

ಅಡಿಗೆ ರಬ್ಬರ್ ಪ್ಯಾಡ್ ಕೊಳ್ಳಿ ಎಂದು ಅಂಗಡಿಯವರು ಒತ್ತಾಯಿಸುತ್ತಾರೆ. ತಲೆಭಾರದ ಯಂತ್ರ ರಬ್ಬರಿನ ಮೇಲೆ ತೂಗಾಡುತ್ತದೆ. ಆ ದುಡ್ಡು ಟೇಬಲ್ಲಿಗೆ ಬೋಲ್ಟ್ ಹಾಕುವ ಒಳ್ಳೆಯ ವೈಸ್‌ಗೆ ಹೋಗಲಿ.

ಬಾಡಿಗೆ ಮನೆಯಾದರೆ ನೆಲ ಅಗೆಯುವಂತಿಲ್ಲ. ಕುಷ್ಟಗಿ ಕಡೆಯ ಗ್ರಾನೈಟ್ ಘಟಕಗಳಲ್ಲಿ 50 ಮಿ.ಮೀ. ದಪ್ಪದ ಉಳಿಕೆ ಚಪ್ಪಡಿ ಕೇಳಿ. 900×750 ಮಿ.ಮೀ. ತುಂಡು ಸುಮಾರು 90 ಕೆ.ಜಿ. ತೂಗುತ್ತದೆ. ಅದಕ್ಕೆ ತೂತು ಕೊರೆಸಿ, ಬೋಲ್ಟಿನ ತಲೆ ಕೆಳಗೆ ಹುದುಗುವಂತೆ ಗುಳಿ ಮಾಡಿಸಿ, ಯಂತ್ರವನ್ನು ಇದೇ ತಗಡಿನ ಕ್ರಮದಲ್ಲಿ ಬಿಗಿಯಿರಿ. ಪೀಠದಷ್ಟು ಗಟ್ಟಿ ಅಲ್ಲ, ಆದರೆ 12 ಮಿ.ಮೀ. ವರೆಗಿನ ತೂತಿಗೆ ಸಾಕು.

ಇಷ್ಟಾದ ಮೇಲೂ ಯಂತ್ರ ನಡುಗಿದರೆ ಬೋಲ್ಟನ್ನು ಇನ್ನಷ್ಟು ಬಿಗಿಯಬೇಡಿ. ಬೆಲ್ಟ್ ತೆಗೆದು ಮೋಟರನ್ನಷ್ಟೇ ಓಡಿಸಿ. ನಡುಕ ನಿಂತರೆ ತಪ್ಪು ಬೆಲ್ಟಿನದು, ಇಲ್ಲವೇ ಸ್ಪಿಂಡಲ್ ಕಡೆಯ ಪುಲ್ಲಿಯದು: ತಿಂಗಳುಗಟ್ಟಲೆ ಒಂದೇ ಕಡೆ ನಿಂತ ವಿ ಬೆಲ್ಟ್ ಆ ಬಾಗಿಗೇ ಸೆಟೆದಿರುತ್ತದೆ. ನಿಲ್ಲದಿದ್ದರೆ ಮೋಟರ್ ಪುಲ್ಲಿಯನ್ನು ಶಾಫ್ಟಿಗೆ ಹಿಡಿದಿಡುವ ಗ್ರಬ್ ಸ್ಕ್ರೂ, ಮೋಟರಿನ ಬೇರಿಂಗ್ ನೋಡಿ.