ಊರಿಗೆ ಹೊರಟಾಗ ನಾಯಿಯನ್ನು ಎಲ್ಲಿ ಬಿಡುವುದು? ಇಂಗ್ಲೆಂಡಿನಲ್ಲಿ ಇರುವವರಿಗೆ

ಡಿಸೆಂಬರ್ ರಜೆಗೆ ಬೆಂಗಳೂರಿಗೆ ಟಿಕೆಟ್ ಬುಕ್ ಮಾಡಿದ ದಿನವೇ ನಾಯಿಗೂ ಜಾಗ ಹುಡುಕಿಬಿಡಿ. ಕ್ರಿಸ್‌ಮಸ್ ಹೊತ್ತಿಗೆ ಇಲ್ಲಿನವರೂ ಮನೆ ಬಿಟ್ಟು ಹೋಗುತ್ತಾರೆ, ಒಳ್ಳೆಯ ಜಾಗಗಳು ಬಹಳ ಮೊದಲೇ ತುಂಬಿಹೋಗುತ್ತವೆ. ತಡ ಮಾಡಿದರೆ ಕೊನೆಗೆ ಸಿಗುವುದು ವಾಟ್ಸಾಪ್ ಗ್ರೂಪಿನಲ್ಲಿ "ನಾನು ನೋಡ್ಕೋತೀನಿ, ದಿನಕ್ಕೆ ಇಷ್ಟು ಕೊಡಿ" ಅನ್ನುವ ಯಾರೋ ಒಬ್ಬರು.

ಅವರು ಒಳ್ಳೆಯವರೇ ಇರಬಹುದು. ಗೆಳೆಯರು ದುಡ್ಡು ತೆಗೆದುಕೊಳ್ಳದೆ ನೋಡಿಕೊಂಡರೆ ಯಾರೂ ಕೇಳುವುದಿಲ್ಲ. ಆದರೆ ಅದನ್ನೇ ವ್ಯಾಪಾರವಾಗಿ ಮಾಡುವವರಿಗೆ, ಸ್ವಂತ ಮನೆಯಲ್ಲೇ ಇಟ್ಟುಕೊಂಡರೂ, ಕೌನ್ಸಿಲ್ ಲೈಸೆನ್ಸ್ ಬೇಕು. ಇಂಗ್ಲೆಂಡಿನಲ್ಲಿ ಈಗಿನ ನಿಯಮ ಬಂದಿದ್ದು 2018ರ ಅಕ್ಟೋಬರ್ 1ರಿಂದ. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಾನೂನು ಬೇರೆ. ಲೈಸೆನ್ಸ್ ನಂಬರ್ ಅವರ ವೆಬ್‌ಸೈಟಿನಲ್ಲಿ ಕಾಣುವ ಹಾಗೆ ಇರಲೇಬೇಕು. ಕಾಣದಿದ್ದರೆ ನೇರವಾಗಿ ಕೇಳಿ, ಇದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ.

ಲೈಸೆನ್ಸ್ ಜೊತೆ 1ರಿಂದ 5ರವರೆಗೆ ಸ್ಟಾರ್ ಕೊಡುತ್ತಾರೆ. ಇದು ಗಿರಾಕಿಗಳು ಕೊಡುವ ಸ್ಟಾರ್ ಅಲ್ಲ, ಇನ್‌ಸ್ಪೆಕ್ಟರ್ ಬಂದು ಜಾಗ ನೋಡಿ ಕೊಡುವುದು. 5 ಸ್ಟಾರ್ ಇದ್ದವರಿಗೆ ಲೈಸೆನ್ಸ್ 3 ವರ್ಷಕ್ಕೆ ಸಿಗುತ್ತದೆ, 1 ಅಥವಾ 2 ಸ್ಟಾರ್ ಇದ್ದರೆ ವರ್ಷಕ್ಕೇ ಮುಗಿಯುತ್ತದೆ. ಇಲ್ಲಿ ಒಂದು ವಿಷಯ ಗೊತ್ತಿರಲಿ: ಹೊಸದಾಗಿ ಶುರು ಮಾಡಿದವರು ಎಷ್ಟೇ ಚೆನ್ನಾಗಿ ನಡೆಸಿದರೂ 4ರ ಮೇಲೆ ಹೋಗುವ ಹಾಗಿಲ್ಲ, ಯಾಕೆಂದರೆ ಅವರ ಹಳೆಯ ದಾಖಲೆ ಇರುವುದಿಲ್ಲ. ಹಾಗಾಗಿ 4 ಸ್ಟಾರ್ ನೋಡಿ ಆ ಜಾಗವನ್ನು ಸುಮ್ನೆ ತಳ್ಳಿಹಾಕಬೇಡಿ. 1 ಸ್ಟಾರ್ ಅಂದರೆ ಮಾತ್ರ ಏನೋ ಸಣ್ಣಪುಟ್ಟ ಕೊರತೆ ಸಿಕ್ಕಿದೆ ಅಂತಲೇ ಅರ್ಥ, ನಾನಾದರೆ ಅಲ್ಲಿ ಬಿಡುವುದಿಲ್ಲ.

ಕೆನಲ್ (ನಾಯಿಗಳನ್ನು ಇಟ್ಟುಕೊಳ್ಳಲೆಂದೇ ಕಟ್ಟಿದ ಜಾಗ) ಒಳ್ಳೆಯದೋ, ನೋಡಿಕೊಳ್ಳುವವರ ಮನೆ ಒಳ್ಳೆಯದೋ? ಅದು ನಿಮ್ಮ ನಾಯಿಯ ಸ್ವಭಾವದ ಮೇಲೆ ಹೋಗುತ್ತದೆ. ಸೋಫಾ ಮೇಲೆ ಮಲಗಿ ಅಭ್ಯಾಸ ಇರುವ, ಬೊಗಳುವ ಸದ್ದಿಗೆ ಹೆದರುವ ನಾಯಿಗೆ ಮನೆಯೇ ವಾಸಿ. ಆದರೆ ಅಲ್ಲಿ ಬೇರೆ ಮನೆಯ ನಾಯಿಗಳೂ ಇರುವುದಾದರೆ ಎಲ್ಲ ಮಾಲೀಕರ ಒಪ್ಪಿಗೆ ಬರಹದಲ್ಲಿ ಬೇಕು. ಆ ಕಾಗದ ಕೇಳದೆಯೇ "ಬಿಟ್ಟು ಹೋಗಿ" ಅಂದರೆ ನನಗೆ ಅನುಮಾನ ಬರುತ್ತದೆ. ಹಗಲು ಹೋಗಿ ನೋಡಿದಾಗ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ? ನೀವು ರಾತ್ರಿಯ ಬಗ್ಗೆ ಕೇಳಿ. ಯಾರು ಅಲ್ಲೇ ಮಲಗುತ್ತಾರೆ, ನಾಯಿ ಎಲ್ಲಿ ಮಲಗುತ್ತದೆ, ಕೊನೆಯ ಸಲ ಹೊರಗೆ ಬಿಡುವುದು ಎಷ್ಟು ಗಂಟೆಗೆ, ನಡುರಾತ್ರಿ ವಾಂತಿ ಮಾಡಿಕೊಂಡರೆ ಯಾರಿಗೆ ಗೊತ್ತಾಗುತ್ತದೆ. ಊರಿಗೆ ಹೋಗುವ ಮುಂಚೆ ಒಂದು ರಾತ್ರಿ ಬಿಟ್ಟು ನೋಡುವುದಂತೂ ತಪ್ಪಿಸಬೇಡಿ.

ಲಸಿಕೆ ಪುಸ್ತಕ ಇಲ್ಲದೆ ಯಾರೂ ಒಳಗೆ ಬಿಡುವುದಿಲ್ಲ. ಪಾರ್ವೊ, ಡಿಸ್ಟೆಂಪರ್, ಹೆಪಟೈಟಿಸ್ ಮತ್ತು ಇಲಿ ಜ್ವರದ ಲಸಿಕೆ ಚಾಲ್ತಿಯಲ್ಲಿರಬೇಕು. ತುಂಬಾ ಜನ ಕೆನಲ್ ಕಾಫ್ (ನಾಯಿಯಿಂದ ನಾಯಿಗೆ ಹರಡುವ ಕೆಮ್ಮು) ಲಸಿಕೆಯನ್ನೂ ಕೇಳುತ್ತಾರೆ. ಕೊನೆಯ ವಾರಕ್ಕೆ ಇಟ್ಟುಕೊಳ್ಳದೆ ಮೊದಲೇ ವೆಟ್ (ಪಶುವೈದ್ಯರ) ಹತ್ತಿರ ಹೋಗಿ ಬನ್ನಿ.

ಇನ್ನೊಂದು ನಮಗೇ ಆದದ್ದು. ಮೊದಲ ಸಲ ನಮ್ಮ ಕರಿಯನನ್ನು ಬಿಟ್ಟು ಹೊರಟಾಗ, ಮನೆಯಲ್ಲಿ ಮೊಸರನ್ನ ತಿಂದು ಬೆಳೆದವನಿಗೆ ಅಲ್ಲಿನ ಒಣ ಆಹಾರ ಹಿಡಿಸದೆ ಹೊಟ್ಟೆ ಕೆಟ್ಟಿತು. ಅವರು ಫೋನ್ ಮಾಡಿದಾಗ ನಾವು ವಿಮಾನದಲ್ಲಿದ್ದೆವು. ಕೇಳದೆ ವೆಟ್ ಹತ್ತಿರ ಹೋಗಬಹುದೋ ಇಲ್ಲವೋ ಅಂತ ಅವರು ಅರ್ಧ ದಿನ ಕಾದರು, ಅವನು ಅಷ್ಟೂ ಹೊತ್ತು ಒದ್ದಾಡಿದ. ಈಗ ತಿನ್ನುವುದನ್ನು ನಾವೇ ಅಳತೆ ಮಾಡಿ ಕಟ್ಟಿಕೊಡುತ್ತೇವೆ. ಪಕ್ಕದ ಬೀದಿಯ ಗೆಳತಿಯ ನಂಬರ್ ಕೊಡುತ್ತೇವೆ. ಜೊತೆಗೆ ಸಹಿ ಮಾಡಿದ ಒಂದು ಚೀಟಿ: ನಾವು ಸಿಗದಿದ್ದರೆ ಕಾಯಬೇಡಿ, ನಮ್ಮ ವೆಟ್ ಹತ್ತಿರ ಕರೆದುಕೊಂಡು ಹೋಗಿ, ಇಷ್ಟು ಪೌಂಡ್‌ವರೆಗೆ ನಮ್ಮನ್ನು ಕೇಳುವುದೇ ಬೇಡ.